ಓದುಗರ ಪ್ರಶ್ನೆ: ಡಿಕ್ಕಿಯ ಲೆಕ್ಕ

ಹೋದ ಸಂಚಿಕೆಯಲ್ಲಿ ಕೇರಂ ಬಗ್ಗೆ ಬರೆಯುವಾಗ ಒಂದು ಸಾಲು ಸುಮ್ನೆ ಹಾಗೇ ಸೇರಿಸಿಬಿಟ್ಟಿದ್ದೆ: ಡಿಕ್ಕಿಯಲ್ಲಿ ಸಂವೇಗ ಉಳಿಯುತ್ತದೆ, ಚಲನಶಕ್ತಿ ಉಳಿಯಲೇಬೇಕೆಂದಿಲ್ಲ, ಅಂತ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತದೆಂದು ನಾನು ಎಣಿಸಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಡಿಕ್ಕಿಯೇ. ಮರೆತವರಿಗಾಗಿ ಒಂದು ಮಾತು. ತೂಕವನ್ನು ವೇಗದಿಂದ ಗುಣಿಸಿದರೆ ಸಂವೇಗ. ತೂಕವನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಚಲನಶಕ್ತಿ. ತೂಕ ಅನ್ನಬಾರದು, ದ್ರವ್ಯರಾಶಿ ಅನ್ನಬೇಕು ಎಂದು ಮೇಷ್ಟ್ರುಗಳು ಬೈಯುತ್ತಾರೆ, ಗೊತ್ತು. ಬೈಯಲಿ. ಇಲ್ಲಿ ತೂಕ ಎಂದರೆ ಅದೇ.

ಪ್ರಶ್ನೆ: ಪುಸ್ತಕದಲ್ಲಿ ಒಂದು ಲೆಕ್ಕ ಇದೆ. 2 ಕೆಜಿಯ ಗಾಡಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬಂದು, ನಿಂತಿರುವ 1 ಕೆಜಿಯ ಗಾಡಿಗೆ ಅಂಟಿಕೊಳ್ಳುತ್ತದೆ. ಆಮೇಲಿನ ವೇಗ 2 ಮೀಟರ್. 9 ಜೂಲ್ ಇದ್ದ ಶಕ್ತಿ 6 ಆಗುತ್ತದೆ. ಅಂಟಿದ್ದು ಗೋಂದಿನಿಂದಲೋ, ಮೇಣದಿಂದಲೋ, ಕೊಕ್ಕೆಯಿಂದಲೋ ಹೇಳಿಯೇ ಇಲ್ಲ. ಆದರೂ ಸರಿಯಾಗಿ 3 ಜೂಲೇ ಹೋಗಬೇಕು ಅಂದರೆ ಹೇಗೆ? ಶಕ್ತಿ ಸೋರಬಹುದಾದರೆ ಸಂವೇಗ ಯಾಕೆ ಸೋರಬಾರದು?
(ಪ್ರಥಮ ಪಿಯು ವಿದ್ಯಾರ್ಥಿನಿ, ಶಿರಸಿ)

ಎರಡನೆಯದನ್ನು ಮೊದಲು ನೋಡೋಣ. ನನಗೆ ಅದೇ ಜಾಸ್ತಿ ಇಷ್ಟವಾದ ಪ್ರಶ್ನೆ.

ಸಂವೇಗಕ್ಕೆ ದಿಕ್ಕು ಇದೆ. ಬಲಕ್ಕೆ ಹೋದರೆ ಪ್ಲಸ್, ಎಡಕ್ಕೆ ಹೋದರೆ ಮೈನಸ್. ಒಂದೇ ತೂಕದ ಎರಡು ಗೋಲಿಗಳು ಒಂದೇ ವೇಗದಲ್ಲಿ ಎದುರುಬದುರು ಬರುತ್ತಿದ್ದರೆ ಅವುಗಳ ಸಂವೇಗ ಕೂಡಿದರೆ ಸೊನ್ನೆ. ಶಕ್ತಿಗೆ ಎಡ ಬಲ ಏನೂ ಇಲ್ಲ. ಯಾವ ಕಡೆ ಓಡಿದರೂ ಪ್ಲಸ್ಸೇ.

ನಿಮ್ಮೂರ ಮಾರಿಕಾಂಬಾ ಜಾತ್ರೆ ನೆನಪು ಮಾಡಿಕೊಳ್ಳಿ. ತೇರು ಎಳೆಯುವಾಗ ಜನವೆಲ್ಲ ಒಂದೇ ಕಡೆ ಸಾಗುತ್ತಾರೆ, ಗುಂಪೂ ಮುಂದೆ ಹೋಗುತ್ತದೆ. ಅದೇ ಜನ ರಾತ್ರಿ ಅಂಗಡಿ ಸಾಲಿನಲ್ಲಿ ಒಬ್ಬರು ಬಳೆ ಅಂಗಡಿಗೆ, ಒಬ್ಬರು ತೊಟ್ಟಿಲಿಗೆ, ಇನ್ನೊಬ್ಬರು ಕೈತಪ್ಪಿದ ಮಗನನ್ನು ಹುಡುಕಿಕೊಂಡು, ಹೀಗೆ ಹತ್ತು ದಿಕ್ಕಿಗೆ ಓಡಾಡುತ್ತಿರುತ್ತಾರೆ. ಗುಂಪು ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಂತ ಓಡಾಟ ಇಲ್ಲ ಅಂತೀರಾ? ಮನೆಗೆ ಬಂದ ಮೇಲೆ ಕಾಲನ್ನು ಕೇಳಿ.

ಎರಡು ಗಾಡಿಗಳ ನಡುವಿನ ಮೇಣ ಜಜ್ಜಿದಾಗ ಆಗುವುದೂ ಇದೇ. ಮೇಣದ ಕಣಗಳು ಮೊದಲಿಗಿಂತ ಜೋರಾಗಿ ಅಲುಗಾಡಲು ಶುರು ಮಾಡುತ್ತವೆ, ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಮೇಲಕ್ಕೆ. ಅವುಗಳ ಸಂವೇಗ ಒಂದಕ್ಕೊಂದು ವಜಾ ಆಗಿ ಹೋಗುತ್ತದೆ, ಶಕ್ತಿ ಮಾತ್ರ ಕೂಡುತ್ತದೆ. ಇದಕ್ಕೆ ನಾವು ಶಾಖ ಅನ್ನುತ್ತೇವೆ. ಅಂದರೆ ಶಕ್ತಿಗೆ ಅಡಗಿ ಕೂರಲು ಒಂದು ಜಾಗ ಇದೆ. ಸಂವೇಗಕ್ಕೆ ಅಂಥ ಜಾಗ ಇಲ್ಲ. ಎಲ್ಲ ಕೂಡಿ ಕಳೆದ ಮೇಲೂ ಸಂವೇಗ ಉಳಿದಿದ್ದರೆ ಇಡೀ ಮುದ್ದೆಯೇ ಸಾಗುತ್ತಿರಬೇಕು, ಅದು ಕಣ್ಣಿಗೆ ಕಾಣುತ್ತದೆ. ಶಕ್ತಿಯೂ ನಿಜವಾಗಿ ಎಲ್ಲೂ ಕಳೆದುಹೋಗಿಲ್ಲ ಅನ್ನಿ. ಚಲನಶಕ್ತಿಯ ಖಾತೆಯಿಂದ ಶಾಖದ ಖಾತೆಗೆ, ಒಂಚೂರು ಸದ್ದಿನ ಖಾತೆಗೆ ಹೋಗಿದೆ, ಅಷ್ಟೇ.

ಇದನ್ನೇ ಇನ್ನೊಂದು ರೀತಿಯಲ್ಲಿ ನೋಡಬಹುದು. ಇದನ್ನು ತರಗತಿಯಲ್ಲಿ ಯಾಕೆ ಹೇಳುವುದಿಲ್ಲವೋ ನನಗೆ ತಿಳಿಯದು. ಡಿಕ್ಕಿಯಾಗುವಾಗ ಎರಡೂ ಗಾಡಿ ಒಂದನ್ನೊಂದು ಅಷ್ಟೇ ಬಲದಿಂದ ತಳ್ಳುತ್ತವೆ, ಅದು ನ್ಯೂಟನ್ನನ ಮೂರನೇ ನಿಯಮ. ಬಲವನ್ನು ಸಮಯದಿಂದ ಗುಣಿಸಿದರೆ ಸಂವೇಗದ ಬದಲಾವಣೆ. ಬಲವನ್ನು ದೂರದಿಂದ ಗುಣಿಸಿದರೆ ಶಕ್ತಿಯ ಬದಲಾವಣೆ. ತಾಗಿಕೊಂಡಿರುವ ಸಮಯ ಎರಡೂ ಗಾಡಿಗೆ ಒಂದೇ, ನಾನು ನಿನಗೆ ತಾಗಿರುವಷ್ಟು ಹೊತ್ತೇ ನೀನೂ ನನಗೆ ತಾಗಿರುತ್ತೀಯ. ಹಾಗಾಗಿ ಒಂದು ಕಳೆದುಕೊಂಡ ಸಂವೇಗ ಪೈಸೆ ಪೈಸೆ ಇನ್ನೊಂದಕ್ಕೆ ಸೇರುತ್ತದೆ. ಆದರೆ ಆ ಹೊತ್ತಿನಲ್ಲಿ ಎರಡೂ ಸಾಗಿದ ದೂರ ಒಂದೇ ಅಲ್ಲ. ಹಿಂದಿನದು ಜಾಸ್ತಿ ಸಾಗಿರುತ್ತದೆ, ಮುಂದಿನದು ಕಮ್ಮಿ. ನಡುವಿನ ಮೇಣ ಎಷ್ಟು ಜಜ್ಜಿತೋ ಅಷ್ಟೇ ಆ ವ್ಯತ್ಯಾಸ. ಶಕ್ತಿ ಸೋರುವುದು ಆ ಸಂದಿಯಲ್ಲಿ. ಮೇಣದ ಬದಲು ಸ್ಪ್ರಿಂಗ್ ಇದ್ದರೆ ಅದು ತಿರುಗಿ ಬಿಚ್ಚಿಕೊಂಡು ತಾನು ಪಡೆದದ್ದನ್ನು ವಾಪಸ್ ಕೊಡುತ್ತದೆ. ಅದಕ್ಕೆ ಸ್ಥಿತಿಸ್ಥಾಪಕ ಸಂಘಟ್ಟನೆ ಅಂತ ಪುಸ್ತಕ ಹೆಸರಿಟ್ಟಿದೆ. ನಾನು ಪುಟಿಯುವ ಡಿಕ್ಕಿ ಅನ್ನುತ್ತೇನೆ.

ಈಗ 3 ಜೂಲಿನ ಕಥೆ. ಇದಕ್ಕೆ 1668ಕ್ಕೆ ಹೋಗಬೇಕು. ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘ ಡಿಕ್ಕಿಯ ನಿಯಮ ಏನೆಂದು ಬಲ್ಲವರನ್ನು ಕೇಳಿತು. ವಾಲಿಸ್, ರೆನ್, ಹೈಗನ್ಸ್ ಎಂಬ ಮೂವರು ಉತ್ತರಿಸಿದರು. ವಾಲಿಸ್ ಹೇಳಿದ್ದು ಅಂಟುವ ಡಿಕ್ಕಿಯ ಬಗ್ಗೆ, ಉಳಿದಿಬ್ಬರದ್ದು ಪುಟಿಯುವುದರ ಬಗ್ಗೆ. ಅದಕ್ಕೂ ಮೊದಲು, 1644ರಲ್ಲಿ, ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ಕೊಟ್ಟಿದ್ದ ನಿಯಮಗಳು ಬಹುಮಟ್ಟಿಗೆ ತಪ್ಪಾಗಿದ್ದವು. ಚಿಕ್ಕ ವಸ್ತು ಎಷ್ಟೇ ಜೋರಾಗಿ ಬಂದರೂ ನಿಂತಿರುವ ದೊಡ್ಡ ವಸ್ತುವನ್ನು ಕದಲಿಸಲಾರದು ಎಂದು ಆತ ಬರೆದಿದ್ದ. ವೇಗಕ್ಕಿರುವ ದಿಕ್ಕನ್ನು ಲೆಕ್ಕಕ್ಕೆ ಹಿಡಿಯದೇ ಹೋದದ್ದು ಅವನ ಯಡವಟ್ಟು. ಒಂದು ದಿನ ಗೋಲಿ ಆಡಿದ್ದರೆ ಗೊತ್ತಾಗುತ್ತಿತ್ತೋ ಏನೋ.

ಹೈಗನ್ಸ್ ಡಚ್ಚಿನವನು, ಅವನ ನಾಡಿನ ತುಂಬ ಕಾಲುವೆ, ಕಾಲುವೆಯಲ್ಲಿ ದೋಣಿ. ಅವನು ಕೇಳಿದ್ದು ಇಷ್ಟೇ: ದೋಣಿಯಲ್ಲಿ ನಿಂತವನು ಎರಡು ಗುಂಡುಗಳಿಗೆ ಡಿಕ್ಕಿ ಹೊಡೆಸಿದರೆ, ದಡದಲ್ಲಿ ನಿಂತವನಿಗೆ ಅದೇ ಡಿಕ್ಕಿ ಹೇಗೆ ಕಾಣುತ್ತದೆ? ನಾವೂ ಹಾಗೇ ಮಾಡೋಣ. ನಿಮ್ಮ ಗಾಡಿಗಳ ಪಕ್ಕದಲ್ಲಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಸೈಕಲ್ ತುಳಿದುಕೊಂಡು ಹೋಗಿ. ಆಗ ನಿಮಗೆ ದೊಡ್ಡ ಗಾಡಿ 1 ಮೀಟರ್ ವೇಗದಲ್ಲಿ ಮುಂದೆ ಬರುವಂತೆಯೂ, ಚಿಕ್ಕ ಗಾಡಿ 2 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುವಂತೆಯೂ ಕಾಣುತ್ತದೆ. ಸಂವೇಗ 2, ಮೈನಸ್ 2, ಒಟ್ಟು ಸೊನ್ನೆ. ಶಕ್ತಿ? ದೊಡ್ಡದರದ್ದು 1 ಜೂಲ್, ಚಿಕ್ಕದರದ್ದು 2 ಜೂಲ್. ಒಟ್ಟು 3! ಅಂಟಿಕೊಂಡ ಮೇಲೆ ಸೈಕಲ್ ಮೇಲಿನ ನಿಮಗೆ ಎರಡೂ ನಿಂತೇಬಿಟ್ಟಂತೆ ಕಾಣುತ್ತವೆ, 3 ಜೂಲೂ ಖಾಲಿ.

ಹಾಗಾಗಿ ಗೋಂದೋ ಕೊಕ್ಕೆಯೋ ಅನ್ನುವುದು ಮುಖ್ಯವೇ ಅಲ್ಲ. ಅಂಟಿದವು ಅಂದಮೇಲೆ ಅವೆರಡರ ನಡುವೆ ಓಡಾಟ ಉಳಿಯಲಿಲ್ಲ, ಆ ಓಡಾಟದ ಬೆಲೆ 3 ಜೂಲ್. ಉಳಿದ 6 ಜೂಲ್ ಎರಡೂ ಸೇರಿ ಮುಂದೆ ಸಾಗುವುದಕ್ಕೆ ಸೇರಿದ್ದು. ಅದನ್ನು ಮುಟ್ಟಬೇಕೆಂದರೆ ಹೊರಗಿನಿಂದ ಯಾರಾದರೂ ಬಂದು ಗಾಡಿ ಹಿಡಿಯಬೇಕು. ಪರೀಕ್ಷೆಯಲ್ಲಿ ಸೈಕಲ್ ಕಥೆ ಬರೆಯಬೇಡಿ, ಸೂತ್ರ ಬರೆಯಿರಿ. ಮಾರ್ಕ್ಸ್ ಮುಖ್ಯ.

ಪ್ರಶ್ನೆ: ನನ್ನ ಗಾಡಿ 60ರಲ್ಲಿ, ಎದುರಿನ ಗಾಡಿ 60ರಲ್ಲಿ, ಮುಖಾಮುಖಿ ಆದರೆ 120ರಲ್ಲಿ ಗೋಡೆಗೆ ಗುದ್ದಿದಂತೆ ಎಂದು ನಮ್ಮ ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳುತ್ತಾರೆ. ನಿಜವಾ?
(ಟ್ಯಾಕ್ಸಿ ಚಾಲಕ, ಹುಬ್ಬಳ್ಳಿ)

ಎರಡೂ ಒಂದೇ ತೂಕದ, ಒಂದೇ ಥರದ ಗಾಡಿ ಆಗಿದ್ದರೆ ನಿಜವಲ್ಲ ಅಣ್ಣಾ. ಅದು 60ರಲ್ಲಿ ಗಟ್ಟಿ ಗೋಡೆಗೆ ಗುದ್ದಿದಂತೆಯೇ. ನಿಮ್ಮ ಗಾಡಿಗೆ ಏನಾಯಿತು ಅಂತ ಮಾತ್ರ ನೋಡಿ: 60 ಇದ್ದದ್ದು ಸೊನ್ನೆ ಆಯಿತು, ಮುಂದಿನ ಮೂತಿ ನಜ್ಜುಗುಜ್ಜಾಯಿತು. ಗೋಡೆಗೆ ಗುದ್ದಿದ್ದರೂ ಅಷ್ಟೇ ಆಗುತ್ತಿತ್ತು. ಎದುರಿನವನು ತಂದ ಶಕ್ತಿ ಅವನ ಗಾಡಿಯನ್ನು ಜಜ್ಜಲು ಖರ್ಚಾಯಿತು. ನಿಮ್ಮ ಸ್ಟ್ಯಾಂಡಿನವರು ಶಕ್ತಿ ಎರಡು ಗಾಡಿಯದ್ದು ಅಂತ ಕೂಡಿದರು, ಆದರೆ ಜಜ್ಜಿಸಿಕೊಳ್ಳಲು ಎರಡು ಮೂತಿ ಇದೆ ಅನ್ನುವುದನ್ನು ಮರೆತರು.

ಎದುರಿಗೆ ಬಂದದ್ದು ಲಾರಿ ಆದರೆ ಕಥೆ ಪೂರ್ತಿ ಬೇರೆ. ಲಾರಿ 20 ಟನ್, ನಿಮ್ಮ ಕಾರು 1 ಟನ್, ಇಬ್ಬರದ್ದೂ 60 ಅಂತಿಟ್ಟುಕೊಳ್ಳಿ. ಸಂವೇಗದ ಲೆಕ್ಕ ಹಾಕಿದರೆ ಡಿಕ್ಕಿಯಾದ ಮೇಲೆ ಎರಡೂ ಸೇರಿಕೊಂಡು ಲಾರಿ ಹೋಗುತ್ತಿದ್ದ ಕಡೆಗೇ ಸುಮಾರು 54 ಕಿಮೀ ವೇಗದಲ್ಲಿ ಹೋಗುತ್ತವೆ. ಲಾರಿಯವನಿಗೆ ವೇಗ ಬದಲಾದದ್ದು ಬರೀ 6 ಕಿಮೀ, ಜೋರಾಗಿ ಬ್ರೇಕ್ ತುಳಿದಷ್ಟು. ನಿಮಗೆ ಮುಂದಕ್ಕೆ 60 ಇದ್ದದ್ದು ಹಿಂದಕ್ಕೆ 54, ಒಟ್ಟು 114. ಬಲ ಇಬ್ಬರ ಮೇಲೂ ಒಂದೇ, ಆದರೆ ಅದೇ ಬಲ 1 ಟನ್ನಿಗೆ ಮಾಡುವುದು ಬೇರೆ, 20 ಟನ್ನಿಗೆ ಮಾಡುವುದು ಬೇರೆ. ಇಲ್ಲಿ ಬೇಕಾದರೆ ನಿಮ್ಮವರು ಹೇಳುವ 120ರ ಹತ್ತಿರ ಬಂತು ಅನ್ನಬಹುದು.

ಒಂದು ಮಾತು ಸೇರಿಸಿಬಿಡುತ್ತೇನೆ. ವೇಗ ದುಪ್ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಅದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವನು ಡಚ್ಚಿನ ಸ್ಗ್ರಾವೆಸಾಂಡೆ, 1720ರ ದಶಕದಲ್ಲಿ. ಮೆತ್ತನೆಯ ಜೇಡಿಮಣ್ಣಿನ ಮೇಲೆ ಹಿತ್ತಾಳೆ ಗುಂಡು ಬೀಳಿಸಿ ಗುಂಡಿಯ ಆಳ ಅಳೆದ. ಎರಡು ಪಟ್ಟು ವೇಗದಲ್ಲಿ ಬಿದ್ದದ್ದು ನಾಲ್ಕು ಪಟ್ಟು ಒಳಗೆ ಹೋಗಿತ್ತು. ಫ್ರಾನ್ಸಿನ ಎಮಿಲಿ ಡು ಶಾತೆಲೆ 1740ರ ತನ್ನ ಪುಸ್ತಕದಲ್ಲಿ ಶಕ್ತಿಗೆ ವೇಗದ ವರ್ಗವೇ ಅಳತೆ ಎಂದು ಗಟ್ಟಿಯಾಗಿ ವಾದ ಮಾಡಿದಳು. ನಿಮಗೆ ಇದರಿಂದ ಏನು ಅಂದರೆ, 60ರಲ್ಲಿ ಹೋಗುವ ಗಾಡಿ 85ಕ್ಕೆ ಏರಿದರೆ ಜಜ್ಜುವ ಶಕ್ತಿ ಆಗಲೇ ದುಪ್ಪಟ್ಟಾಗಿರುತ್ತದೆ. ದುಪ್ಪಟ್ಟಾಗಲು 120 ಬೇಕಿಲ್ಲ.

ಪ್ರಶ್ನೆ: ಈಗಿನ ಕಾರುಗಳು ಹಪ್ಪಳ ಇದ್ದಂತೆ. ಸ್ವಲ್ಪ ತಾಗಿದರೆ ಮುದುಡುತ್ತವೆ. ನಮ್ಮ ಕಾಲದ ಗಾಡಿಗಳ ಬಂಪರ್ ಕಬ್ಬಿಣದ್ದು. ಕಂಪನಿಯವರು ದುಡ್ಡು ಉಳಿಸುತ್ತಿದ್ದಾರೆ ಅಲ್ಲವೇ?
(ನಿವೃತ್ತ ಬ್ಯಾಂಕ್ ನೌಕರರು, ಮೈಸೂರು)

ಮುದುಡುವುದೇ ಅದರ ಕೆಲಸ ಸಾರ್. ಸಂವೇಗದ ಲೆಕ್ಕದಲ್ಲಿ ಗೋಡೆಗೆ ಗುದ್ದಿದ ಕಾರು ನಿಲ್ಲಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಚೌಕಾಸಿ ಇರುವುದು ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದರಲ್ಲಿ. ಗಂಟೆಗೆ 50 ಕಿಮೀ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಬ್ಬಿಣದಂಥ ಗಾಡಿ 10 ಸೆಂಟಿಮೀಟರ್ ಮಾತ್ರ ಮುದುಡಿ ನಿಂತರೆ ಒಳಗಿನ ಮನುಷ್ಯನ ಮೇಲೆ ಅವನ ತೂಕದ ಸುಮಾರು 100 ಪಟ್ಟು ಬಲ ಬೀಳುತ್ತದೆ. ಬಾನೆಟ್ 60 ಸೆಂಟಿಮೀಟರ್ ಮುದುಡಿದರೆ ಅದು 16 ಪಟ್ಟಿಗೆ ಇಳಿಯುತ್ತದೆ. ಬೆಲ್ಟ್ ಹಾಕಿದವನು ಅದರಲ್ಲಿ ಬದುಕುವ ಸಾಧ್ಯತೆ ಚೆನ್ನಾಗಿಯೇ ಇದೆ. ನಿಮ್ಮ ಕಾಲದ ಗಾಡಿ ಡಿಕ್ಕಿಯಾದ ಮೇಲೂ ಅಂದವಾಗಿ ನಿಂತಿರುತ್ತಿತ್ತು, ನಿಜ. ಒಳಗಿದ್ದವರ ಪಕ್ಕೆಲುಬು ಅಂದವಾಗಿರುತ್ತಿರಲಿಲ್ಲ.

ಈ ಯೋಚನೆ ಮರ್ಸಿಡಿಸ್‌ನಲ್ಲಿ ಕೆಲಸ ಮಾಡುತ್ತಿದ್ದ ಬೇಲಾ ಬಾರೆನ್ಯಿ ಎಂಬ ಎಂಜಿನಿಯರಿನದು. 1952ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು, 1959ರಲ್ಲಿ ಆ ಬಗೆಯ ಕಾರು ರಸ್ತೆಗೆ ಬಂತು. ಮುಂದೆ ಹಿಂದೆ ಮೆತ್ತಗೆ, ಜನ ಕೂರುವ ನಡುಭಾಗ ಗಟ್ಟಿ. ನಮ್ಮಲ್ಲಿ 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ಇದೆ. ಅದರಲ್ಲಿ ಕಾರನ್ನು 64 ಕಿಮೀ ವೇಗದಲ್ಲಿ, ಮುಂಭಾಗದ 40 ಶೇಕಡಾ ಮಾತ್ರ ತಾಗುವಂತೆ, ಮುದುಡುವ ತಡೆಯೊಂದಕ್ಕೆ ಗುದ್ದಿಸುತ್ತಾರೆ. ನೋಡುವುದು ಬಾನೆಟ್ ಉಳಿಯಿತಾ ಅಂತ ಅಲ್ಲ, ಒಳಗಿನ ಬೊಂಬೆಗೆ ಎಷ್ಟು ಪೆಟ್ಟಾಯಿತು ಅಂತ.

ಇನ್ನೊಬ್ಬರು, ದಾವಣಗೆರೆಯಿಂದ, ಹಾಗಾದರೆ ಬಂಪರಿಗೆ ಒಳ್ಳೇ ಪುಟಿಯುವ ರಬ್ಬರ್ ಹಾಕಬಾರದೇ ಎಂದು ಕೇಳಿದ್ದಾರೆ. ಹಾಕಬಾರದು. 50ರಲ್ಲಿ ಗುದ್ದಿದ ಕಾರು ಹಾಗೇ 50ರಲ್ಲಿ ಹಿಂದಕ್ಕೆ ಪುಟಿದರೆ ಸಂವೇಗದ ಬದಲಾವಣೆ ದುಪ್ಪಟ್ಟು, ಮೇಲಿಂದ ಹಿಂದೆ ಬರುತ್ತಿರುವ ಬಸ್ಸಿಗೆ ಇನ್ನೊಂದು ಡಿಕ್ಕಿ. ಶಕ್ತಿ ವ್ಯರ್ಥವಾದರೇನೇ ಒಳ್ಳೆಯದು ಅನ್ನುವ ಅಪರೂಪದ ಜಾಗ ಇದು. ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್ ಕೂಡ ಹೀಗೇ, ಒಂದು ಸಲ ಜಜ್ಜಿಸಿಕೊಂಡು ಸಾಯುವುದಕ್ಕೇ ಇರುವುದು. ನಾನು ಒಮ್ಮೆ ಸ್ಕೂಟರಿನಿಂದ ಬಿದ್ದು, ಹೊರಗಿನಿಂದ ಗೀರು ಮಾತ್ರ ಇದ್ದ ಹೆಲ್ಮೆಟ್ಟನ್ನು ಜಿಪುಣತನದಿಂದ ಎರಡು ವರ್ಷ ಹಾಕಿಕೊಂಡು ಓಡಾಡಿದೆ. ದಡ್ಡತನ. ಪೆಟ್ಟು ತಿಂದ ಹೆಲ್ಮೆಟ್ ಬಿಸಾಡಿ.

ಪ್ರಶ್ನೆ: ಕೇರಂನಲ್ಲಿ ಸ್ಟ್ರೈಕರ್ ಯಾಕೆ ಕಾಯಿನ್‌ಗಿಂತ ಭಾರ? ಒಂದೇ ತೂಕ ಇದ್ದಿದ್ದರೆ ಫೌಲ್ ಆಗುವುದು ತಪ್ಪುತ್ತಿತ್ತಲ್ಲ!
(ಹಾಸ್ಟೆಲ್ ಹುಡುಗರು, ತುಮಕೂರು)

ಕೇಳಿದ್ದು ಸರಿಯಾಗಿಯೇ ಇದೆ. ಒಂದೇ ತೂಕದವು ನೇರವಾಗಿ ತಾಗಿದರೆ, ಪೂರ್ತಿ ಪುಟಿಯುವ ಡಿಕ್ಕಿಯಾದರೆ, ಹೊಡೆದದ್ದು ನಿಂತುಬಿಡುತ್ತದೆ, ಹೊಡೆಸಿಕೊಂಡದ್ದು ಅದೇ ವೇಗದಲ್ಲಿ ಓಡುತ್ತದೆ. ಗೋಲಿ ಆಡಿದವರಿಗೆ ಇದು ಗೊತ್ತು. ಬೆರಳಿನಿಂದ ಚಿಮ್ಮಿದ ಗೋಲಿ ಗಾಳಿಯಲ್ಲೇ ಹೋಗಿ ಎದುರಾಳಿಯದ್ದಕ್ಕೆ ಟಣ್ ಅಂತ ತಾಗಿದರೆ ಅಲ್ಲೇ ಕೂರುತ್ತದೆ. ಉರುಳಿಕೊಂಡು ಹೋದದ್ದು ಮಾತ್ರ ತಾಗಿದ ಮೇಲೂ ಸ್ವಲ್ಪ ಮುಂದೆ ಹೋಗುತ್ತದೆ, ಯಾಕೆಂದರೆ ಅದರ ತಿರುಗುವಿಕೆ ಇನ್ನೂ ಮುಗಿದಿರುವುದಿಲ್ಲ.

ಕೇರಂ ನಿಯಮದಲ್ಲಿ ಸ್ಟ್ರೈಕರ್ 15 ಗ್ರಾಂವರೆಗೆ ಇರಬಹುದು, ಕಾಯಿನ್ 5ರಿಂದ 5.5 ಗ್ರಾಂ. ಸುಮಾರು ಮೂರು ಪಟ್ಟು. ನೇರ ಹೊಡೆತದಲ್ಲಿ ಸ್ಟ್ರೈಕರ್ ತನ್ನ ಅರ್ಧ ವೇಗ ಉಳಿಸಿಕೊಳ್ಳುತ್ತದೆ, ಕಾಯಿನ್ ಸ್ಟ್ರೈಕರಿನ ಒಂದೂವರೆ ಪಟ್ಟು ವೇಗದಲ್ಲಿ ಹಾರುತ್ತದೆ. ಗುಂಪು ಒಡೆಯಲು ಇದು ಬೇಕು. ಈಗ ಸ್ವಾರಸ್ಯ ನೋಡಿ: ಸಂವೇಗ ಇಬ್ಬರಿಗೂ ಅರ್ಧ ಅರ್ಧ ಹಂಚಿಹೋಯಿತು, ಆದರೆ ಶಕ್ತಿಯಲ್ಲಿ ಮುಕ್ಕಾಲು ಪಾಲು ಹಗುರ ಕಾಯಿನ್ ಹೊಡೆದುಕೊಂಡಿತು. ಸಂವೇಗ ಸಮ ಆಗಿದ್ದಾಗ ಶಕ್ತಿ ಯಾವಾಗಲೂ ಹಗುರದವನ ಕಡೆಗೇ ಜಾಸ್ತಿ ಹೋಗುತ್ತದೆ.

ಫೌಲ್ ತಪ್ಪಿಸಲು ಒಂದು ಉಪಾಯ ಇದರಲ್ಲೇ ಇದೆ. ಬೋರ್ಡಿನ ಮೇಲೆ ಜಾರುವ ದೂರ ವೇಗದ ವರ್ಗದಂತೆ ಹೋಗುತ್ತದೆ. ಕಾಯಿನ್ ಸ್ಟ್ರೈಕರಿಗಿಂತ ಮೂರು ಪಟ್ಟು ವೇಗ, ಹಾಗಾಗಿ ಒಂಬತ್ತು ಪಟ್ಟು ದೂರ. ಕಾಯಿನ್ 36 ಸೆಂಟಿಮೀಟರ್ ಜಾರುವಷ್ಟು ಮೆಲ್ಲಗೆ ಹೊಡೆದರೆ ಸ್ಟ್ರೈಕರ್ 4 ಸೆಂಟಿಮೀಟರ್ ಹೋಗಿ ಸುಸ್ತಾಗುತ್ತದೆ. ಪಾಕೆಟ್ ಬಾಯಲ್ಲಿರುವ ಕಾಯಿನ್‌ಗೆ ಸಿಟ್ಟಿನಿಂದ ಕುಟ್ಟಿದರೆ ಹಿಂದೆಯೇ ಸ್ಟ್ರೈಕರೂ ಒಳಗೆ ಹೋಗದೆ ಏನು ಮಾಡುತ್ತದೆ? ನಿಜವಾದ ಬೋರ್ಡಿನಲ್ಲಿ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಟಕ್ ಅನ್ನುವ ಸದ್ದೇ ಸ್ವಲ್ಪ ಶಕ್ತಿ ತಿಂದಿರುತ್ತದೆ, ಪೌಡರ್ ಎಲ್ಲ ಕಡೆ ಸಮ ಇರುವುದಿಲ್ಲ. ಆದರೂ ಆಡಿ ನೋಡಿ.

ಪ್ರಶ್ನೆ: ಚೆಂಡು ನೆಲಕ್ಕೆ ಬಡಿದು ಮೇಲೆ ಬರುತ್ತದೆ. ಕೆಳಗೆ ಹೋಗುತ್ತಿದ್ದ ಸಂವೇಗ ಮೇಲಕ್ಕೆ ತಿರುಗಿತು. ಸಂವೇಗ ಉಳಿಯುವುದಾದರೆ ಇದು ಹೇಗೆ?
(ಹೈಸ್ಕೂಲ್ ಶಿಕ್ಷಕಿ, ಕೋಲಾರ)

ಭೂಮಿ ತೆಗೆದುಕೊಂಡಿತು ಮೇಡಂ. ಟೆನಿಸ್ ಚೆಂಡಿನ ನಿಯಮವೇ ಉದಾಹರಣೆಗೆ ಒಳ್ಳೆಯದು. 254 ಸೆಂಟಿಮೀಟರ್ ಎತ್ತರದಿಂದ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರಿನವರೆಗೆ ಪುಟಿಯಬೇಕು. ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ನೆಲ ಮುಟ್ಟಿ, ಸುಮಾರು 5.2 ಮೀಟರ್ ವೇಗದಲ್ಲಿ ಏಳುತ್ತದೆ. ಅರ್ಧಕ್ಕೂ ಸ್ವಲ್ಪ ಜಾಸ್ತಿ ಶಕ್ತಿ ಉಳಿಯಿತು, ಮಿಕ್ಕದ್ದು ರಬ್ಬರು ಬಿಸಿಯಾಗಲು ಹೋಯಿತು. ಚೆಂಡಿನ ಸಂವೇಗದಲ್ಲಿ ಆದ ಬದಲಾವಣೆಯಷ್ಟೂ ಭೂಮಿಗೆ ಕೆಳಮುಖವಾಗಿ ಸೇರುತ್ತದೆ. ಭೂಮಿಯ ತೂಕ 6ರ ಮುಂದೆ 24 ಸೊನ್ನೆ ಕೆಜಿ, ಹಾಗಾಗಿ ಅದಕ್ಕೆ ಬಂದ ವೇಗ ಸೆಕೆಂಡಿಗೆ ಮೀಟರಿನ ದಶಾಂಶ ಬಿಂದುವಿನ ಆಚೆ 24 ಸೊನ್ನೆ ದಾಟಿದ ಮೇಲೆ ಬರುವ ಅಂಕಿ.

ಮಕ್ಕಳು ಕೂಡಲೇ ಕೇಳುವ ಮುಂದಿನ ಪ್ರಶ್ನೆ: ಹಾಗಿದ್ದರೆ ಶಕ್ತಿಯನ್ನೂ ಭೂಮಿ ತೆಗೆದುಕೊಳ್ಳಬೇಕಲ್ಲ? ಇಲ್ಲ. ಮೇಲೆ ಕೇರಂ ಹುಡುಗರಿಗೆ ಹೇಳಿದ್ದೇ. ಭೂಮಿಯಂಥ ಭಾರದ ಆಸಾಮಿ ಎಷ್ಟು ಸಂವೇಗ ಬೇಕಾದರೂ ನುಂಗಬಲ್ಲ, ಆದರೆ ಚಲನಶಕ್ತಿಯಾಗಿ ಅವನ ಪಾಲಿಗೆ ಬರುವುದು ಇಲ್ಲವೆನ್ನುವಷ್ಟು ಕಮ್ಮಿ. ಬಂದೂಕಿನಲ್ಲೂ ಹೀಗೇ. ಹಿಂದಕ್ಕೆ ಒದೆಯುವ ಸಂವೇಗ ಗುಂಡಿನಷ್ಟೇ, ಶಕ್ತಿಯೆಲ್ಲ ಹಗುರ ಗುಂಡಿನಲ್ಲಿ.

ಪ್ರಶ್ನೆ: ಕೈಗಾದಲ್ಲಿ ಭಾರಜಲ ಬಳಸುತ್ತಾರೆ ಎನ್ನುತ್ತಾರೆ. ನೀರಿಗೆ ಭಾರ ಯಾಕೆ ಬೇಕು?
(ಗೃಹಿಣಿ, ಕಾರವಾರ)

ಇದು ಡಿಕ್ಕಿ ಸಂಚಿಕೆಗೆ ಬಂದದ್ದಲ್ಲ, ಹಳೆಯ ಪತ್ರ. ಆದರೆ ಉತ್ತರ ಡಿಕ್ಕಿಯಲ್ಲೇ ಇದೆ.

ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಯುರೇನಿಯಂ ಒಡೆದಾಗ ಸಿಡಿಯುವ ನ್ಯೂಟ್ರಾನ್ ಸೆಕೆಂಡಿಗೆ ಸುಮಾರು 20,000 ಕಿಮೀ ವೇಗದಲ್ಲಿ ಓಡುತ್ತದೆ. ಅಷ್ಟು ಅವಸರದಲ್ಲಿರುವುದು ಮುಂದಿನ ಯುರೇನಿಯಂ ಪರಮಾಣುವಿಗೆ ಸುಲಭಕ್ಕೆ ಸಿಗುವುದಿಲ್ಲ. ಅದನ್ನು ಸೆಕೆಂಡಿಗೆ 2 ಕಿಮೀ ಆಸುಪಾಸಿಗೆ ಇಳಿಸಬೇಕು. ನ್ಯೂಟ್ರಾನಿಗೆ ಬ್ರೇಕ್ ಹಾಕಲು ವಿದ್ಯುತ್ತಿನಿಂದಾಗದು, ಅದಕ್ಕೆ ವಿದ್ಯುದಂಶವೇ ಇಲ್ಲ. ಇನ್ನೊಂದಕ್ಕೆ ಡಿಕ್ಕಿ ಹೊಡೆಸಿಯೇ ನಿಧಾನ ಮಾಡಬೇಕು. ಯಾವುದಕ್ಕೆ? ಗೋಲಿಯನ್ನು ರುಬ್ಬುವ ಕಲ್ಲಿಗೆ ಹೊಡೆದರೆ ಹೆಚ್ಚುಕಮ್ಮಿ ಅದೇ ವೇಗದಲ್ಲಿ ವಾಪಸ್ ಬರುತ್ತದೆ. ಇನ್ನೊಂದು ಗೋಲಿಗೆ ಹೊಡೆದರೆ ನಿಲ್ಲುತ್ತದೆ. ಸೀಸದ ಪರಮಾಣು ನ್ಯೂಟ್ರಾನಿಗೆ ರುಬ್ಬುವ ಕಲ್ಲು, ನೇರ ಡಿಕ್ಕಿಯಲ್ಲೂ ಶೇಕಡಾ 2ರಷ್ಟು ಶಕ್ತಿ ಮಾತ್ರ ಕಿತ್ತುಕೊಳ್ಳುತ್ತದೆ. ಇಂಗಾಲ ಶೇಕಡಾ 28. ನ್ಯೂಟ್ರಾನಿಗೆ ಸರಿಸಮ ಗೋಲಿ ಅಂದರೆ ಹೈಡ್ರೋಜನ್, ನೇರ ತಾಗಿದರೆ ಪೂರ್ತಿ ಕಸಿಯುತ್ತದೆ. ಎಲ್ಲ ಡಿಕ್ಕಿಯೂ ನೇರ ಆಗುವುದಿಲ್ಲವಲ್ಲ, ಓರೆಯಾಗಿಯೂ ತಾಗುತ್ತವೆ. ಸರಾಸರಿ ನೋಡಿದರೆ ಹೈಡ್ರೋಜನ್ ಸುಮಾರು 18 ಡಿಕ್ಕಿಯಲ್ಲಿ, ಇಂಗಾಲ 110ಕ್ಕೂ ಜಾಸ್ತಿ ಡಿಕ್ಕಿಯಲ್ಲಿ, ಸೀಸ ಸಾವಿರಕ್ಕೂ ಮೀರಿದ ಡಿಕ್ಕಿಯಲ್ಲಿ ಈ ಕೆಲಸ ಮುಗಿಸುತ್ತವೆ.

ಹಾಗಾದರೆ ಕಾಳಿ ನದಿ ನೀರೇ ಸಾಕಲ್ಲ, ಅದರಲ್ಲೂ ಹೈಡ್ರೋಜನ್ ಇದೆ, ಅನ್ನುತ್ತೀರಿ. ಸಾಮಾನ್ಯ ಹೈಡ್ರೋಜನ್ ನ್ಯೂಟ್ರಾನನ್ನು ನಿಧಾನ ಮಾಡುವುದರ ಜೊತೆ ಆಗಾಗ ನುಂಗಿಯೂ ಬಿಡುತ್ತದೆ. ಕೈಗಾದಂಥ ಘಟಕಗಳಿಗೆ ಹಾಕುವುದು ಗಣಿಯಲ್ಲಿ ಸಿಕ್ಕ ಪ್ರಮಾಣದಲ್ಲೇ ಇರುವ ಯುರೇನಿಯಂ, ಅದರಲ್ಲಿ ಸುಲಭಕ್ಕೆ ಒಡೆಯುವ ಬಗೆ ಶೇಕಡಾ 0.7 ಮಾತ್ರ. ಒಂದೊಂದು ನ್ಯೂಟ್ರಾನೂ ಲೆಕ್ಕದ್ದು, ನುಂಗಿಸಿಕೊಳ್ಳುವಷ್ಟು ಶ್ರೀಮಂತಿಕೆ ಇಲ್ಲ. ಭಾರಜಲದ ಹೈಡ್ರೋಜನ್ ಆಗಲೇ ಒಂದು ನ್ಯೂಟ್ರಾನ್ ನುಂಗಿಕೊಂಡು ಹೊಟ್ಟೆ ತುಂಬಿದ ಜಾತಿಯದು. ಸುಮಾರು 25 ಡಿಕ್ಕಿ ಬೇಕಾಗುತ್ತದೆ, 18ಕ್ಕಿಂತ ಸ್ವಲ್ಪ ಜಾಸ್ತಿ, ಆದರೆ ನುಂಗುವುದು ತೀರಾ ಅಪರೂಪ.

ಅಂದಹಾಗೆ ನ್ಯೂಟ್ರಾನ್ ಇದೆ ಎಂದು ಗೊತ್ತಾದದ್ದೇ ಡಿಕ್ಕಿಯಿಂದ. 1932ರಲ್ಲಿ ಚಾಡ್ವಿಕ್ ಕಣ್ಣಿಗೆ ಕಾಣದ ಒಂದು ಕಿರಣದಿಂದ ಮೇಣದೊಳಗಿನ ಹೈಡ್ರೋಜನ್ನಿಗೂ, ಬೇರೆಯಾಗಿ ಸಾರಜನಕಕ್ಕೂ ಹೊಡೆಸಿ, ಎರಡೂ ಎಷ್ಟು ವೇಗದಲ್ಲಿ ಚಿಮ್ಮಿದವು ಎಂದು ನೋಡಿದ. ಹೈಡ್ರೋಜನ್ 7 ಪಟ್ಟು ವೇಗವಾಗಿ ಚಿಮ್ಮಿತ್ತು. ಹೈಡ್ರೋಜನ್ನಿನ ತೂಕ 1 ಅಂದರೆ ಸಾರಜನಕದ್ದು 14. ಪುಟಿಯುವ ಡಿಕ್ಕಿಯ ಸೂತ್ರ ಹಾಕಿದರೆ, ಹೊಡೆದದ್ದರ ತೂಕಕ್ಕೆ 14 ಕೂಡಿದ್ದು, ಅದೇ ತೂಕಕ್ಕೆ 1 ಕೂಡಿದ್ದರ 7 ಪಟ್ಟು. ಈರುಳ್ಳಿ ಹೆಚ್ಚುತ್ತಲೇ ಬಿಡಿಸಬಹುದಾದ ಲೆಕ್ಕ: ಸುಮಾರು 1.17. ಹೈಡ್ರೋಜನ್ನಿನಷ್ಟೇ ತೂಕದ, ವಿದ್ಯುದಂಶವಿಲ್ಲದ ಕಣ. ತಕ್ಕಡಿಯೇ ಇಲ್ಲದೆ ತೂಗಿದ ಪುಣ್ಯಾತ್ಮ.

ಪ್ರಶ್ನೆ: ಆಕಾಶದಲ್ಲಿ ಒಂದು ಕಲ್ಲಿಗೆ ಅಮೆರಿಕದವರು ರಾಕೆಟ್ ಗುದ್ದಿಸಿದರಂತೆ. ಆ ರಾಕೆಟ್ ಕಲ್ಲಿಗೆ ಅಂಟಿಕೊಂಡಿತಾ, ಪುಟಿದು ಬಂತಾ?
(ಐದನೇ ಕ್ಲಾಸು, ಬಾಗಲಕೋಟೆ)

ಎರಡೂ ಅಲ್ಲ ಪುಟ್ಟಾ, ಪುಡಿಪುಡಿ ಆಯಿತು! ಅದರ ಹೆಸರು ಡಾರ್ಟ್. 2022ರ ಸೆಪ್ಟೆಂಬರ್ 26ರಂದು, ಸುಮಾರು 580 ಕೆಜಿಯ ಆ ನೌಕೆ ಸೆಕೆಂಡಿಗೆ 6 ಕಿಮೀ ವೇಗದಲ್ಲಿ ಹೋಗಿ ಡೈಮಾರ್ಫೋಸ್ ಅನ್ನುವ ಕಲ್ಲಿಗೆ ಗುದ್ದಿತು. ಆ ಕಲ್ಲು ಸುಮಾರು 150 ಮೀಟರ್ ದೊಡ್ಡದು, ಇನ್ನೊಂದು ದೊಡ್ಡ ಕಲ್ಲಿನ ಸುತ್ತ ತಿರುಗುತ್ತಿರುತ್ತದೆ. ಒಂದು ಸುತ್ತು ಬರಲು ಮೊದಲು 11 ಗಂಟೆ 55 ನಿಮಿಷ ಬೇಕಿತ್ತು. ಗುದ್ದಿದ ಮೇಲೆ ಅರ್ಧ ಗಂಟೆಗೂ ಸ್ವಲ್ಪ ಜಾಸ್ತಿ ಕಮ್ಮಿಯಾಯಿತು.

ನೀನು ಕೇಳಿದ್ದರಲ್ಲಿ ಒಂದು ಒಳ್ಳೇ ವಿಷಯ ಇದೆ. ನೌಕೆ ಅಂಟಿಕೊಂಡಿದ್ದರೆ ತನ್ನ ಸಂವೇಗವನ್ನು ಒಂದು ಪಾಲು ಕೊಡುತ್ತಿತ್ತು. ಚೆಂಡಿನ ಹಾಗೆ ಪುಟಿದು ವಾಪಸ್ ಬಂದಿದ್ದರೆ ಹೆಚ್ಚೆಂದರೆ ಎರಡು ಪಾಲು. ಆದರೆ ಕಲ್ಲಿಗೆ ಸಿಕ್ಕಿದ್ದು ಸುಮಾರು 3.6 ಪಾಲು ಎಂದು ವಿಜ್ಞಾನಿಗಳ ಅಂದಾಜು. ಹೇಗೆ ಅಂತೀಯಾ? ಗುದ್ದಿದ ಜಾಗದಿಂದ ಕಲ್ಲು, ಮಣ್ಣು, ಧೂಳು ರಾಶಿ ರಾಶಿ ಹಿಂದಕ್ಕೆ ಸಿಡಿಯಿತು. ಅವು ಹಿಂದಕ್ಕೆ ಹೋದಷ್ಟೂ ಡೈಮಾರ್ಫೋಸ್ ಮುಂದಕ್ಕೆ ಒದೆ ತಿಂದಿತು, ದೀಪಾವಳಿ ರಾಕೆಟ್ ಹಿಂದಕ್ಕೆ ಹೊಗೆ ಬಿಟ್ಟು ಮುಂದೆ ಹೋಗುತ್ತದಲ್ಲ ಹಾಗೆ. ಇಷ್ಟೆಲ್ಲ ಆದಮೇಲೂ ಆ ಕಲ್ಲಿನ ವೇಗ ಬದಲಾದದ್ದು ಸೆಕೆಂಡಿಗೆ ಸುಮಾರು 2.7 ಮಿಲಿಮೀಟರ್ ಮಾತ್ರ. ಇರುವೆ ಅದಕ್ಕಿಂತ ಜೋರಾಗಿ ನಡೆಯುತ್ತದೆ.

ಗುದ್ದಿದ ಜಾಗ ಈಗ ಹೇಗಿದೆ ಎಂದು ಹತ್ತಿರದಿಂದ ನೋಡಲು ಯುರೋಪಿನವರು 2024ರ ಅಕ್ಟೋಬರಿನಲ್ಲಿ ಹೇರಾ ಅನ್ನುವ ಇನ್ನೊಂದು ನೌಕೆ ಕಳಿಸಿದ್ದಾರೆ. ಅದು ಗುದ್ದುವುದಿಲ್ಲ. ಫೋಟೋ ತೆಗೆಯುತ್ತದೆ, ಅಳತೆ ಮಾಡುತ್ತದೆ.